ಒಬ್ಬ ಶಾಬುದ್ದೀನ, ಎಂಟು ಬುತ್ತಿ

ತಿಮೋತಿಯದು ಹುಡುಕಿದರೂ ಕುಂದು ಸಿಗದಂಥ ಒಳ್ಳೆಯ ಸ್ವಭಾವ. ತಪ್ಪು ತನ್ನದೆಂದು ಒಪ್ಪಿಕೊಳ್ಳುವುದೊಂದನ್ನು ಬಿಟ್ಟರೆ. ಚರ್ಚಿನ ಗಾಯನ ತಂಡದಲ್ಲಿ ಹಾಡುವಾಗ ಅವನು ಅರ್ಧ ತಾಳ ಮುಂಚೆಯೇ ದನಿ ಎತ್ತುತ್ತಿದ್ದ. ಆಮೇಲೆ ಹಾರ್ಮೋನಿಯಂ ತಡವಾಯಿತು ಎನ್ನುತ್ತಿದ್ದ. ಹಾರ್ಮೋನಿಯಂ ಬಾರಿಸುತ್ತಿದ್ದವಳು ಶ್ಯಾರನ್. ಎರಡು ಕ್ರಿಸ್‌ಮಸ್‌ಗಳ ತನಕ ಇದೇ ಜಗಳ ನಡೆದ ಮೇಲೆ ಹಿರಿಯರು ಬೇರೆ ದಾರಿ ಕಾಣದೆ ಇಬ್ಬರಿಗೂ ಮದುವೆ ಮಾಡಿಬಿಟ್ಟರು.

ಈಗ ಇಬ್ಬರೂ ನವನಗರದ ಒಂದು ಮಹಡಿ ಮನೆಯಲ್ಲಿದ್ದರು. ತಿಮೋತಿ ಮನೆಯಲ್ಲೇ ಕುಳಿತು ಅಂಗಡಿ, ದವಾಖಾನೆ, ಟ್ಯೂಷನ್ ಕ್ಲಾಸಿನವರಿಗೆಲ್ಲ ಮೊಬೈಲಿನ ವೆಬ್ ಆ್ಯಪ್ ಮಾಡಿಕೊಡುತ್ತಿದ್ದ. ಇಳಿಸಿಕೊಳ್ಳುವ ಗೋಜಿಲ್ಲ, ವಾಟ್ಸಾಪಿಗೆ ಬಂದ ಲಿಂಕ್ ಒತ್ತಿದರೆ ಸಾಕು, ತೆರೆದುಕೊಳ್ಳುತ್ತದೆ. ಕೆಲಸ ಅಚ್ಚುಕಟ್ಟು, ನೋಡಲು ಚಂದ. ಎಲ್ಲಾದರೂ ಕೈಕೊಟ್ಟಿತೆಂದು ಗಿರಾಕಿ ಫೋನು ಮಾಡಿದರೆ ಮಾತ್ರ ತಿಮೋತಿ ಪರದೆಯ ಕಡೆ ತಿರುಗಿಯೂ ನೋಡದೆ, “ಅದು ನೆಟ್‌ವರ್ಕ್ ಪ್ರಾಬ್ಲೆಮ್ ರಿ” ಎಂದುಬಿಡುತ್ತಿದ್ದ. ಆ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಮಳೆ, ಕರೆಂಟು, ನೆಟ್‌ವರ್ಕು ಈ ಮೂರೂ ಬಂದಾಗ ಬಂತು, ಹೋದಾಗ ಹೋಯಿತು ಎಂದು ಜನ ಸುಮ್ಮನಾಗುತ್ತಿದ್ದರು.

ಸುಮ್ಮನಾಗದವಳು ಶ್ಯಾರನ್ ಒಬ್ಬಳೇ. ಯಾಕೆಂದರೆ ಅವಳ ಹೊಟ್ಟೆಪಾಡೇ ನೆಟ್‌ವರ್ಕು. ಒಂದು ಮೊಬೈಲ್ ಕಂಪನಿಯ ಗುತ್ತಿಗೆಯಲ್ಲಿ ಅವಳು ಸಿಗ್ನಲ್ ಅಳೆಯುವ ಕೆಲಸಕ್ಕಿದ್ದಳು. ಕಾರಿನ ಮುಂಭಾಗದಲ್ಲಿ ಸಾಲಾಗಿ ನಾಲ್ಕು ಫೋನು, ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪು; ಅವಳು ಊರಿನ ರಸ್ತೆಗಳಲ್ಲಿ ಮೆಲ್ಲಗೆ ಕಾರು ಓಡಿಸಿದಂತೆ ಸಿಗ್ನಲ್ ಗಟ್ಟಿ ಇದ್ದಲ್ಲಿ ನಕ್ಷೆಯ ಮೇಲೆ ಹಸಿರು ಚುಕ್ಕಿ, ಅರೆಬರೆ ಇದ್ದಲ್ಲಿ ಹಳದಿ, ಇಲ್ಲದಲ್ಲಿ ಕೆಂಪು ಚುಕ್ಕಿ ಬೀಳುತ್ತಿತ್ತು. ಕೆಂಪು ಬಿದ್ದಲ್ಲಿ ಅವಳು ವರದಿ ಬರೆದು, ಟವರಿನವರ ಬೆನ್ನುಹತ್ತಿ, ಮತ್ತೆ ಹೋಗಿ ಅಳೆದು, ಹಸಿರು ಮಾಡಿಸಿಯೇ ಬಿಡುತ್ತಿದ್ದಳು. ಇಂಥವಳ ಎದುರಿಗೆ “ನೆಟ್‌ವರ್ಕ್ ಪ್ರಾಬ್ಲೆಮ್” ಎನ್ನುವುದೆಂದರೆ ಅಡುಗೆ ಮಾಡಿದವಳ ಎದುರು ತಾಟು ಸರಿಸಿದ ಹಾಗೆ.

“ಇವತ್ತ ಎಷ್ಟ ಸಲ ನನ್ನ ಹೆಸರ ಕೆಡಿಸಿದ್ರಿ?” ಎಂದು ಅವಳು ಸಂಜೆ ಬಂದವಳೇ ಕೇಳುತ್ತಿದ್ದಳು. ಮಾಮೂಲಿಗೆ ಗಂಡನನ್ನು ಏಕವಚನದಲ್ಲೇ ಕರೆಯುವ ಅವಳು ಸಿಟ್ಟು ಬಂದಾಗ ಮಾತ್ರ ಬಹುವಚನ ಹಚ್ಚುತ್ತಿದ್ದಳು. ಅಷ್ಟು ಮರ್ಯಾದೆ ಬಂತೆಂದರೆ ತಿಮೋತಿ ಚಹಾಕ್ಕೆ ನೀರಿಡಲು ಎದ್ದುಬಿಡುತ್ತಿದ್ದ.

ಹೀಗಿರುವಾಗ ಅವನಿಗೆ ಉಣಕಲ್ಲಿನ ಮುರಿಗೆವ್ವನ ಕೆಲಸ ಸಿಕ್ಕಿತು.

ಮುರಿಗೆವ್ವನದು ಖಾನಾವಳಿ. ಮೇಜು ಕುರ್ಚಿ ಹಾಕಿದ್ದಲ್ಲ. ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ಸಾಲು ಒಲೆ, ಹಂಚು, ಒಂದು ದೊಡ್ಡ ಹಿಟ್ಟಿನ ಡಬ್ಬಿ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಮುರಿಗೆವ್ವ ಒಲೆಯ ಮುಂದೆ ಕೂತಳೆಂದರೆ ಮಧ್ಯಾಹ್ನದ ತನಕ ಏಳುತ್ತಿರಲಿಲ್ಲ. ಜೊತೆಗೆ ಸೊಸೆ ಭಾಗ್ಯಶ್ರೀ, ಓಣಿಯ ಒಂದಿಬ್ಬರು ಹೆಂಗಸರು. ಜೋಳದ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಕಟ್ಟಿದ ಬುತ್ತಿಗಳನ್ನು ಹೊಳೆಯಪ್ಪ ತನ್ನ ಆಟೋದಲ್ಲಿ ತಾರಿಹಾಳದ ಕಾರ್ಖಾನೆ ಶೆಡ್ಡುಗಳಿಗೆ ಮುಟ್ಟಿಸುತ್ತಿದ್ದ.

ಕಷ್ಟವಿದ್ದದ್ದು ರೊಟ್ಟಿಯಲ್ಲಲ್ಲ, ಫೋನಿನಲ್ಲಿ. ಬೆಳಿಗ್ಗೆ ಅದು ಬಾರಿಸಲು ಹತ್ತಿದರೆ ನಿಲ್ಲುತ್ತಿರಲಿಲ್ಲ. ಆ ಕಡೆ ಕಬ್ಬಿಣ ಕಡೆಯುವ ಲೇಥ್ ಯಂತ್ರ ಕಿರುಗುಟ್ಟುವ ಸದ್ದು, ಈ ಕಡೆ ರೊಟ್ಟಿ ಬಡಿಯುವ ಸದ್ದು. ನಡುವೆ ಭಾಗ್ಯಶ್ರೀ ಹೆಗಲಿಗೂ ಕಿವಿಗೂ ಫೋನು ಒತ್ತಿ ಹಿಡಿದು, “ಎಷ್ಟ್ರಿ? ಏಳೋ, ಎರಡೋ?” ಎಂದು ಕೂಗುತ್ತಿದ್ದಳು. ಏಳು ಹೋಗಬೇಕಾದಲ್ಲಿ ಎರಡು ಹೋಗಿ, ಎರಡು ಹೋಗಬೇಕಾದಲ್ಲಿ ಏಳು ಹೋಗಿ ಹೊಳೆಯಪ್ಪ ಬೈಸಿಕೊಳ್ಳುತ್ತಿದ್ದ. ತಾರಿಹಾಳದವರೇ ತಮ್ಮ ಮೊಬೈಲಿನಲ್ಲಿ ಊಟ ಹೇಳುವ ಹಾಗೆ ಏನಾದರೂ ಮಾಡಿಕೊಡಿ ಎಂದು ಭಾಗ್ಯಶ್ರೀಯೇ ತಿಮೋತಿಯನ್ನು ಹುಡುಕಿ ಕರೆಸಿದಳು.

ತಿಮೋತಿ ಜೀವ ತುಂಬಿ ಕೆಲಸ ಮಾಡಿದ. ಲಿಂಕ್ ಒತ್ತಿದರೆ ಮೊದಲು ಇವತ್ತಿನ ಪಲ್ಯ ಯಾವುದೆಂದು ಕಾಣುತ್ತದೆ. ಎಷ್ಟು ಬುತ್ತಿ ಎಂದು ಆರಿಸಿ ‘ಊಟ ಬೇಕು’ ಎಂಬ ಬಟನ್ ಒತ್ತಬೇಕು. ಕ್ಷಣಕಾಲ ಪರದೆಯ ನಡುವೆ ಒಂದು ರೊಟ್ಟಿ ಗರಗರ ತಿರುಗಿ, ಆಮೇಲೆ ‘ಊಟ ಬರುತ್ತದೆ’ ಎಂದು ಬರುತ್ತದೆ. ಆ ರೊಟ್ಟಿಯ ಮೇಲೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ಪ್ರೀತಿ. ಅಂಚಿನ ಸೀಳು, ಮೇಲಿನ ಕರಿ ಚುಕ್ಕಿ ಎಲ್ಲ ಸಹಜವಾಗಿ ಬರಲೆಂದು ಅದರ ಮೇಲೆಯೇ ವಾರ ಕಳೆದಿದ್ದ.

ಮುರಿಗೆವ್ವ ಕನ್ನಡಕ ಏರಿಸಿ ನೋಡಿದಳು. “ಛಲೋ ಐತಿ ತಮ್ಮಾ,” ಎಂದಳು. “ಆದ್ರ ಇದನ್ನ ಯಾರರೆ ಮಗಚಿ ಹಾಕ್ರಿ. ಒಂದ ಮಗ್ಗಲಾ ತಿರಗಿದ್ರ ಹೊತ್ತತೈತಿ.”

ಮನೆಗೆ ಬಂದು ಅವನು ಶ್ಯಾರನ್‌ಗೆ ತೋರಿಸಿದ. ಮನೆಯ ವೈಫೈಯಲ್ಲಿ ರೊಟ್ಟಿ ಒಂದು ಸುತ್ತು ತಿರುಗುವಷ್ಟರಲ್ಲಿ ಆರ್ಡರ್ ಹೋಗಿ ಉತ್ತರವೂ ಬರುತ್ತಿತ್ತು. ರೊಟ್ಟಿ ಸರಿಯಾಗಿ ಕಾಣಿಸುವುದೇ ಇಲ್ಲವಲ್ಲ ಎಂದು ಅವನಿಗೆ ಕೊರಗು.

“ತಾರಿಹಾಳಕ್ಕ ಹೋಗಿ ನೋಡಿದ್ಯಾ?” ಎಂದು ಅವಳು ಕೇಳಿದಳು.

“ಯಾಕ ಹೋಗ್ಬೇಕು? ನೀ ಅಳದಿಯಲ್ಲ. ನಿನ್ನ ನಕ್ಷಾ ತೋರ್ಸು.”

ಶ್ಯಾರನ್ ಹೆಮ್ಮೆಯಿಂದಲೇ ತೋರಿಸಿದಳು. ಬೈಪಾಸಿನಿಂದ ಒಳಗೆ, ಅಡ್ಡರಸ್ತೆ, ಉದ್ದರಸ್ತೆ, ಎಲ್ಲ ಹಸಿರು. ಮಳೆಗಾಲದ ಹೊಲದ ಹಾಗೆ ಕಣ್ಣಿಗೆ ತಂಪು. “ನೋಡು, ಒಂದ ಕೆಂಪ ಚುಕ್ಕಿ ತೋರ್ಸು ನೋಡೋಣು,” ಎಂದಳು. ಅವನಿಗೆ ಸಿಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡು ಊಟಕ್ಕೆ ಕುಳಿತರು. ಅಷ್ಟು ಸಮಾಧಾನದ ಊಟ ಆ ಮನೆಯಲ್ಲಿ ಅಪರೂಪ.

ಆ್ಯಪ್ ಶುರುವಾದದ್ದು ಒಂದು ಸೋಮವಾರ. ಹಿಂದಿನ ದಿನಗಳಲ್ಲಿ ಹೊಳೆಯಪ್ಪ ಬುತ್ತಿ ಕೊಡಲು ಹೋದಾಗಲೇ ಎಲ್ಲರ ಫೋನಿಗೂ ಲಿಂಕ್ ಕಳಿಸಿದ್ದ. ತಿಮೋತಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಿಗ್ಗೆಯೇ ಉಣಕಲ್ಲಿಗೆ ಬಂದ. ಚಪ್ಪರದ ಕಂಬಕ್ಕೆ ಒಂದು ಟ್ಯಾಬು ತೂಗುಹಾಕಿ, ಆರ್ಡರ್ ಬಂದಾಗ ಟಿಣ್ ಎಂದು ಸದ್ದಾಗುವ ಹಾಗೆ ಮಾಡಿದ್ದ. ಮುರಿಗೆವ್ವ ಟ್ಯಾಬಿಗೂ ಒಂದು ಬೊಟ್ಟು ವಿಭೂತಿ ಹಚ್ಚಿದಳು. ಶ್ಯಾರನ್ ಮಧ್ಯಾಹ್ನ ಊಟಕ್ಕೆ ಬರುವವಳಿದ್ದಳು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟಿಣ್ ಎಂದಿತು. ಎಲ್ಲರೂ ಕೈ ನಿಲ್ಲಿಸಿ ನೋಡಿದರು. ಮತ್ತೆ ಟಿಣ್. ಆಮೇಲೆ ಎರಡು ಒಟ್ಟಿಗೆ. ಆಮೇಲೆ ಮದುವೆ ಮನೆಯಲ್ಲಿ ತಾಟು ಬಿದ್ದ ಹಾಗೆ ಟಿಣ್ ಟಿಣ್ ಟಿಣ್ ಎಂದು ನಿಲ್ಲದೆ ಬಾರಿಸತೊಡಗಿತು. ತಿಮೋತಿಗೆ ಎದೆ ತುಂಬಿ ಬಂತು. ಗೋಡೆಗೆ ಒರಗಿ ಕೈಕಟ್ಟಿ ನಿಂತು, “ನೋಡ್ರಿ ಅಮ್ಮಾರ,” ಎಂದ, “ಮಂದಿಗೆ ಸರಳ ಮಾಡಿ ಕೊಟ್ರ ಹೆಂಗ ಬರ್ತಾರ.”

ಭಾಗ್ಯಶ್ರೀ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಟ್ಯಾಬಿನ ಹತ್ತಿರ ಬಂದಳು. ಮೇಲಿನಿಂದ ಕೆಳಗಿನ ತನಕ ನೋಡಿದಳು. “ಸರ, ಶಾಬುದ್ದೀನ ಕಾಕಾರು ಒಬ್ಬರ ಎಂಟ ಸಲ ಹೇಳ್ಯಾರಲ್ರಿ,” ಎಂದಳು. “ದಿನಾ ಒಂದ ಬುತ್ತಿ ತೊಗೊಳ್ಳೋರು ಅವರು.”

ತಿಮೋತಿ ಬಗ್ಗಿ ನೋಡಿದ. ಹೌದು, ಶಾಬುದ್ದೀನನ ಹೆಸರು ಎಂಟು ಕಡೆ ಇತ್ತು. ಅವನ ಕೆಳಗಿನ ಹೆಸರೂ ಹಾಗೇ. ಆ ಕ್ಷಣದಲ್ಲಿ ಅವನ ಮನಸ್ಸಿನ ಒಂದು ಮೂಲೆ ಸಣ್ಣಗೆ ಚುರ್ ಎಂದಿತು. ಆದರೆ ಟಿಣ್ ಎಂಬ ಸದ್ದು ಅಷ್ಟು ಇಂಪಾಗಿತ್ತು.

“ಅದು ಗ್ರೂಪ್ ಆರ್ಡರ್ ರಿ,” ಎಂದ. “ಮೊಬೈಲ್ ಬಳಸಾಕ ಬರಲಾರದವರ ಸಲುವಾಗಿ ಒಬ್ಬರ ಎಲ್ಲಾರದೂ ಹೇಳ್ತಾರ. ಎಲ್ಲಾ ಕಡೆ ಹಿಂಗ ಆಗ್ತೈತಿ.”

“ಎಲ್ಲಾ ಕಡೆ ಅಂದ್ರ ಎಲ್ಲಿ?”

“ದೊಡ್ಡ ಊರಾಗ,” ಎಂದ ತಿಮೋತಿ. ಭಾಗ್ಯಶ್ರೀ ಅವನ ಮುಖವನ್ನೊಮ್ಮೆ ನೋಡಿ ಹಿಟ್ಟಿನ ಕಡೆ ತಿರುಗಿದಳು.

ಮುರಿಗೆವ್ವ ತಡಮಾಡಲಿಲ್ಲ. ಓಣಿಯಲ್ಲಿ ರೊಟ್ಟಿ ಬಡಿಯಬಲ್ಲ ಹೆಂಗಸರನ್ನೆಲ್ಲ ಕರೆಸಿದಳು. ನಾಳೆಗೆಂದು ತಂದಿದ್ದ ಬದನೆಕಾಯಿ ಕೊಯ್ದಾಯಿತು, ಪಕ್ಕದ ಮನೆಯ ಬದನೆಕಾಯಿಯೂ ಬಂತು. ಡಬ್ಬಿಯಲ್ಲಿ ಕೂಡಿಟ್ಟಿದ್ದ ಖಡಕ್ ರೊಟ್ಟಿಯನ್ನೂ ತೆಗೆದರು. ತಿಮೋತಿ ಇಸ್ತ್ರಿ ಅಂಗಿಯ ತೋಳು ಮಡಚಿ ಚಟ್ನಿ ಪೊಟ್ಟಣ ಕಟ್ಟಿದ. ಹೊಳೆಯಪ್ಪನ ಆಟೋದಲ್ಲಿ ಬುತ್ತಿ ಹಿಂದೆ, ಮುಂದೆ, ಮೇಲೆ ಎಲ್ಲ ಕಟ್ಟಿದ ಮೇಲೆ ಹೊಳೆಯಪ್ಪನಿಗೆ ಕೂರಲು ಅರ್ಧ ಸೀಟಷ್ಟೇ ಉಳಿಯಿತು. “ನಾ ಹೋಗಲಿ ಏನ್ರಿ, ಬರೇ ಬುತ್ತಿ ಕಳಸಲಿ?” ಎಂದು ಕೇಳಿ ಅವನು ಓರೆಯಾಗಿ ಕುಳಿತು ಹೊರಟ.

ಮೊದಲ ಫೋನು ಅವನದೇ ಬಂತು. “ಸರ, ಇಲ್ಲಿ ಶಾಬುದ್ದೀನ ಕಾಕಾರು ಒಂದ ಬುತ್ತಿ ಸಾಕು, ಏಳು ವಾಪಸ್ ಒಯ್ಯಿ ಅನ್ನಾಕತ್ತಾರ. ಅವರಿಗೆ ಹೊಟ್ಟಿ ಒಂದ ಐತಂತ.” ಅವನ ಹಿಂದೆಯೇ ಇನ್ನೊಂದು ಶೆಡ್ಡಿನಿಂದ, ಮತ್ತೊಂದು ಶೆಡ್ಡಿನಿಂದ ಫೋನು. ಎಲ್ಲರದೂ ಒಂದೇ ಮಾತು: ಹೇಳಿದ್ದು ಒಂದು, ಬಂದದ್ದು ರಾಶಿ.

ಚಪ್ಪರದಲ್ಲಿ ರೊಟ್ಟಿ ಬಡಿಯುವ ಸದ್ದು ಒಂದೊಂದಾಗಿ ನಿಂತಿತು. ಹೆಂಗಸರೆಲ್ಲ ತಿಮೋತಿಯ ಕಡೆ ನೋಡಿದರು. ಅವನು ಕೈಯಲ್ಲಿದ್ದ ಚಟ್ನಿ ಪೊಟ್ಟಣ ಕೆಳಗಿಟ್ಟು ಹೇಳಿದ: “ಅದು ನೆಟ್‌ವರ್ಕ್ ಪ್ರಾಬ್ಲೆಮ್ ರಿ.”

“ಹೌದ್ರೆ?” ಎಂದಿತು ಬಾಗಿಲಿನಿಂದ ಒಂದು ದನಿ. ಊಟಕ್ಕೆಂದು ಬಂದ ಶ್ಯಾರನ್ ಅಲ್ಲಿ ನಿಂತಿದ್ದಳು. “ನೀವು ಸ್ವಲ್ಪ ಕಾರ ಹತ್ತತೀರೇನ್ರಿ? ಹೋಗಿ ನೋಡಿ ಬರೋಣ್ರಿ.”

ಒಂದು ಉಸಿರಿನಲ್ಲಿ ಅಷ್ಟು ಮರ್ಯಾದೆಯನ್ನು ತಿಮೋತಿ ಎಂದೂ ಕೇಳಿರಲಿಲ್ಲ. ಚಟ್ನಿಯ ಕೈ ಒರೆಸಿಕೊಂಡು ಕಾರು ಹತ್ತಿದ.

ತಾರಿಹಾಳದ ರಸ್ತೆಯುದ್ದಕ್ಕೂ ಲ್ಯಾಪ್‌ಟಾಪಿನಲ್ಲಿ ಹಸಿರು ಚುಕ್ಕಿ ಬೀಳುತ್ತಲೇ ಇತ್ತು. ಶ್ಯಾರನ್ ಒಂದೊಂದು ಚುಕ್ಕಿ ಬಿದ್ದಾಗಲೂ ಒಂದು ಬೆರಳಿನಿಂದ ಅದನ್ನು ತೋರಿಸುತ್ತಿದ್ದಳು. ಶಾಬುದ್ದೀನನ ಶೆಡ್ಡಿನ ಮುಂದೆ ಕಾರು ನಿಂತಾಗಲೂ ಹಸಿರೇ.

ಶೆಡ್ಡು ನಾಲ್ಕೂ ಕಡೆ ತಗಡು, ಮೇಲೂ ತಗಡು. ಶಾಬುದ್ದೀನ ಲೇಥಿನ ಪಕ್ಕದ ಮೇಜಿನ ಮೇಲೆ ಎಂಟು ಬುತ್ತಿಗಳನ್ನು ಸಾಲಾಗಿ ಜೋಡಿಸಿ, ಸಾಕ್ಷಿಗೆ ನಿಲ್ಲಿಸಿದವನಂತೆ ಪಕ್ಕದಲ್ಲಿ ಕುಳಿತಿದ್ದ. ಗಡ್ಡ ನೆರೆತ ಸಾವಧಾನದ ಮನುಷ್ಯ. ಬೈಯಲಿಲ್ಲ. “ಬರ್ರಿ, ಕೂಡ್ರಿ. ಊಟ ಆಗೇತೇನು? ಇಲ್ಲಂದ್ರ ಇಲ್ಲೇ ಐತಿ,” ಎಂದ.

“ಕಾಕಾ, ಮುಂಜಾನೆ ಹೆಂಗ ಮಾಡಿದ್ರಿ, ಒಂದ ಸಲ ಮಾಡಿ ತೋರಿಸ್ರಿ,” ಎಂದಳು ಶ್ಯಾರನ್.

ಶಾಬುದ್ದೀನ ಜೇಬಿನಿಂದ ಫೋನು ತೆಗೆದು ‘ಊಟ ಬೇಕು’ ಒತ್ತಿದ. ರೊಟ್ಟಿ ತಿರುಗತೊಡಗಿತು. ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ತಿಮೋತಿ ತನ್ನ ರೊಟ್ಟಿಯನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಅಂಚಿನ ಸೀಳು ಚಂದ ಬಂದಿತ್ತು. “ಹಿಂಗ ತಿರಗಾಕತ್ತಿತ್ರಿ,” ಎಂದ ಶಾಬುದ್ದೀನ. “ಹೋತೋ ಇಲ್ಲೋ ತಿಳೀಲಿಲ್ಲ. ಹಸಿವಿ ಮನಷಾ, ಮತ್ತ ಒತ್ತಿದೆ. ಮತ್ತ ತಿರಗಿತು. ಮತ್ತ ಒತ್ತಿದೆ.”

ಶ್ಯಾರನ್ ತನ್ನ ಅಳತೆಯ ಫೋನನ್ನು ಎತ್ತಿ ಹಿಡಿದಳು. ಕೆಂಪು. ಹೊರಗೆ ರಸ್ತೆಗೆ ಹೋದಳು: ಹಸಿರು. ಒಳಗೆ ಬಂದಳು: ಕೆಂಪು. ಕಿವಿಯೋಲೆ ಕಳಕೊಂಡವಳು ಹುಡುಕುವ ಹಾಗೆ ಬಾಗಿಲಿಗೂ ಲೇಥಿಗೂ ನಡುವೆ ಹೋಗಿ ಬಂದು ಮಾಡಿದಳು. ಪಕ್ಕದ ಶೆಡ್ಡಿಗೆ ಹೋಗಿ ನೋಡಿ ಬಂದಳು. ಅಲ್ಲೂ ಕೆಂಪೇ.

ತಿಮೋತಿಯ ಮುಖ ಅರಳತೊಡಗಿತ್ತು. “ನಾ ಏನ ಹೇಳಿದ್ದೆ?” ಎಂದ, ಆದಷ್ಟೂ ಮೆದುವಾಗಿ.

ಶ್ಯಾರನ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. “ನಾ ರಸ್ತಾದಾಗ ಅಳದೇನಿ,” ಎಂದಳು ನಿಧಾನವಾಗಿ. “ಕಾರ ಬಿಟ್ಟ ಇಳಿದಿಲ್ಲ. ಮಂದಿ ರಸ್ತಾದಾಗ ಕೆಲಸ ಮಾಡಂಗಿಲ್ಲ, ಶೆಡ್ಡಿನಾಗ ಮಾಡ್ತಾರ. ಟವರ್‌ನ ಆಂಟೆನಾ ಬೈಪಾಸ್ ಕಡೆ ಮಾರಿ ಮಾಡೇತಿ. ರಸ್ತಾಕ್ಕ ಅಷ್ಟು ಸಾಕು. ತಗಡ ದಾಟಿ ಒಳಗ ಬರಾಕ ಸಾಲಂಗಿಲ್ಲ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಮೋತಿಗೆ ಗೆದ್ದ ಸುಖ ಅರ್ಧಕ್ಕೇ ನಿಂತುಹೋಯಿತು. ಅವಳು ಹೀಗೆ ಒಂದೇ ಉಸಿರಿಗೆ ತಪ್ಪು ಒಪ್ಪಿಕೊಂಡುಬಿಟ್ಟರೆ ಮುಂದೇನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ; ಅಭ್ಯಾಸವಿರಲಿಲ್ಲ.

“ಆದ್ರ,” ಎಂದಳು ಅವಳು, ಅಲ್ಲಿಗೇ ಬಿಡದೆ. “ಎಂಟೂ ಆರ್ಡರ್ ಉಣಕಲ್ಲಿಗೆ ಮುಟ್ಟಿದ್ವು. ಹೌದಲ್ಲ? ಅಂದ್ರ ಹೋಗೋದೇನೋ ಹೋತು. ‘ಬಂತು’ ಅನ್ನೋ ಮಾತು ತಿರಗಿ ಬರಲಿಲ್ಲ. ಒಬ್ಬ ಮನಷಾ, ಒಂದ ಫೋನು, ಅದ ಊಟ, ಹಿಂದಿಂದ ಎಂಟ ಸಲ. ಅದನ್ನ ಎಂಟ ಊಟ ಅಂತ ತೊಗೊಂಡವರು ಯಾರು? ನೆಟ್‌ವರ್ಕೇನು?”

ತಿಮೋತಿ ಬುತ್ತಿಗಳ ಕಡೆ ನೋಡಿದ. ಮೊದಲನೆಯದು ಆ್ಯಪ್ ಸರಿಯಾಗಿಯೇ ತೆಗೆದುಕೊಂಡದ್ದು. ಆಮೇಲೆ ಏಳು ಸಲ ಅದು ಏನನ್ನೂ ಕೇಳದೆ ಹೂಂ ಎಂದಿತ್ತು. ಭಾಗ್ಯಶ್ರೀ ಕೇಳಿದಾಗಲೂ ಅವನು ದೊಡ್ಡ ಊರಿನ ಹೆಸರು ಹೇಳಿ ಬಾಯಿ ಮುಚ್ಚಿಸಿದ್ದ. ತನ್ನ ಮೇಜಿನ ಮುಂದೆ ಕುಳಿತು ನೂರು ಸಲ ಆ ಬಟನ್ ಒತ್ತಿದ್ದರೂ ಒಂದು ಸಲವಾದರೂ ವೈಫೈ ತೆಗೆದು ಒತ್ತಿ ನೋಡಿರಲಿಲ್ಲ.

“ನಂದ,” ಎಂದ. ಸಣ್ಣ ಶಬ್ದ, ಆದರೂ ಬಹಳ ತ್ರಾಸಿನಿಂದ ಬಂತು. ಶ್ಯಾರನ್ ಕೇಳಿಸಲಿಲ್ಲವೆಂಬಂತೆ ಕಿವಿಗೆ ಕೈ ಹಚ್ಚಿದಳು. ಅವನು ಮತ್ತೊಮ್ಮೆ ಹೇಳಲಿಲ್ಲ. ಶಾಬುದ್ದೀನ ನೋಡುವಷ್ಟು ನೋಡಿ, ಗಂಡ ಹೆಂಡಿರ ವ್ಯವಹಾರ ತನಗೇಕೆಂದು, ತನ್ನ ಒಂದು ಬುತ್ತಿ ಬಿಚ್ಚಿ ಉಣ್ಣತೊಡಗಿದ.

ಉಳಿದ ಬುತ್ತಿಗಳದೇ ಈಗ ಪ್ರಶ್ನೆ. ತಿಮೋತಿ ಮುರಿಗೆವ್ವನಿಗೆ ಫೋನು ಮಾಡಿ, ನೆಟ್‌ವರ್ಕಿನ ಮಾತೆತ್ತದೆ, ನಡೆದದ್ದನ್ನು ಹೇಳಿದ.

“ತಮ್ಮಾ, ಅನ್ನ ಚೆಲ್ಲಬ್ಯಾಡ್ರಿ,” ಎಂದಳು ಮುರಿಗೆವ್ವ. “ಅಲ್ಲೆ ಊಟ ಇಲ್ಲದ ಕುಂತವರು ಬೇಕಾದಷ್ಟ ಮಂದಿ ಇರ್ತಾರ. ಕೊಟ್ಟ ಬರ್ರಿ. ಮೊದಲ ದಿನಾ ದಾಸೋಹ ಆತು ಅಂತ ತಿಳಕೊಳ್ಳೋಣು.”

“ನಮ್ಮ ಚರ್ಚಿನಾಗ ಪ್ರೀತಿಭೋಜನ ಅಂತಾರ್ರಿ ಇದಕ್ಕ,” ಎಂದಳು ಶ್ಯಾರನ್, ಫೋನಿಗೆ ಬಾಯಿ ಹತ್ತಿರ ತಂದು.

“ಹೆಸರ ಏನರೆ ಇರಲಿ, ಪಲ್ಯಾ ಹಳಸೂದ್ರಾಗ ಮುಗಸ್ರಿ.”

ಹೊಳೆಯಪ್ಪನ ಆಟೋದಿಂದ ಬುತ್ತಿಗಳು ಶ್ಯಾರನ್‌ಳ ಕಾರಿಗೆ ಬಂದವು. ಲ್ಯಾಪ್‌ಟಾಪು ತಿಮೋತಿಯ ತೊಡೆಯ ಮೇಲೆ, ಲ್ಯಾಪ್‌ಟಾಪಿನ ಮೇಲೆ ಮೊಸರಿನ ಪೊಟ್ಟಣ. ಒಂದೊಂದು ಶೆಡ್ಡಿನ ಮುಂದೆಯೂ ನಿಲ್ಲಿಸಿ ಅವನು ಬುತ್ತಿ ಹಿಡಿದುಕೊಂಡು, ಅವಳು ಅಳತೆಯ ಫೋನು ಹಿಡಿದುಕೊಂಡು ಒಳಗೆ ಹೋಗುತ್ತಿದ್ದರು. “ಯಾವ ಪಕ್ಷದವರ್ರಿ ನೀವು?” ಎಂದು ವೆಲ್ಡಿಂಗಿನವನೊಬ್ಬ ಕೇಳಿದ. ಇಲೆಕ್ಷನ್ ಯಾವುದೂ ಇಲ್ಲದೆ ಮನೆ ಬಾಗಿಲಿಗೆ ಊಟ ಬಂದದ್ದನ್ನು ಅವನು ಕಂಡಿರಲಿಲ್ಲ. ತಿಮೋತಿ ಬುತ್ತಿ ಕೊಟ್ಟು, ಇಲ್ಲಿ ಫೋನು ಎಲ್ಲಿ ಹಿಡಿದರೆ ಹತ್ತುತ್ತದೆ ಎಂದು ಕೇಳುತ್ತಿದ್ದ. ಕಿಟಕಿಯ ಹತ್ತಿರ ಎಂದು ಒಬ್ಬ, ಸ್ಟೂಲು ಹತ್ತಿದರೆ ಎಂದು ಇನ್ನೊಬ್ಬ, ಚಹಾ ಕುಡಿಯಲು ಹೊರಗೆ ಹೋದಾಗ ಎಂದು ಮತ್ತೊಬ್ಬ. ಕಡೆಯ ಬುತ್ತಿ ಮುಗಿದಾಗ ಅವಳ ನಕ್ಷೆಯಲ್ಲಿ ಹಸಿರು ರಸ್ತೆಯ ಎರಡೂ ಮಗ್ಗುಲಿಗೆ ಕೆಂಪು ಚುಕ್ಕಿಗಳು ಮಾಗಿದ ಮೆಣಸಿನಕಾಯಿ ಹರವಿದ ಹಾಗೆ ತುಂಬಿದ್ದವು. ಇಬ್ಬರೂ ಉಂಡಿರಲಿಲ್ಲ. ಎಲ್ಲ ಹಂಚಿಬಿಟ್ಟಿದ್ದರು.

ಉಣಕಲ್ಲಿಗೆ ಮರಳಿದಾಗ ಭಾಗ್ಯಶ್ರೀ ಇಬ್ಬರಿಗೂ ತಾಟು ಬಡಿಸಿಯೇ ಇಟ್ಟಿದ್ದಳು. ತಿಮೋತಿ ತುತ್ತು ಎತ್ತುವ ಮೊದಲೇ ಅವಳಿಗೆ ಹೇಳಿದ: “ಮುಂಜಾನೆ ನೀವು ಹೇಳಿದ್ದು ಖರೆ ಇತ್ರಿ. ನಾ ಸುಮ್ನ ಬುರುಡಿ ಬಿಟ್ಟೆ.”

“ಗೊತ್ತಿತ್ರಿ,” ಎಂದಳು ಭಾಗ್ಯಶ್ರೀ ರೊಟ್ಟಿ ಹಾಕುತ್ತ. “ಆದ್ರ ನೀವು ಅಷ್ಟ ಖುಷಿಲೆ ನಿಂತಿದ್ರಿ. ಹೆಂಗ ಹೇಳೂದು ಅಂತ ಬಿಟ್ಟೆ.”

ಮುರಿಗೆವ್ವ ದಂಡ ಹಾಕದೆ ಬಿಡಲಿಲ್ಲ. ಆ್ಯಪ್ ಸರಿಯಾಗುವ ತನಕ ಬೆಳಗಿನ ಫೋನುಗಳನ್ನೆಲ್ಲ ತಿಮೋತಿಯೇ ಬಂದು ಎತ್ತಬೇಕೆಂದಳು. ಹಾಗಾಗಿ ಅವನು ದಿನಾ ಒಲೆಯ ಹೊಗೆಯಲ್ಲಿ ಕುಳಿತು ಒಂದು ಕಿವಿಗೆ ಬೆರಳಿಟ್ಟು, ಇನ್ನೊಂದಕ್ಕೆ ಫೋನು ಒತ್ತಿ, “ಏಳೋ, ಎರಡೋ?” ಎಂದು ಕೂಗತೊಡಗಿದ. ಮೊದಲ ದಿನವೇ ಒಂದು ಶೆಡ್ಡಿನವರನ್ನು ಉಪವಾಸ ಕೆಡವಿದ. ಅವನು ತಪ್ಪಿದಾಗಲೆಲ್ಲ ಹೆಂಗಸರು ಮುಖ ತಿರುಗಿಸಿಕೊಂಡು ನಗುತ್ತಿದ್ದರು. ಮಧ್ಯಾಹ್ನ ಹೊಳೆಯಪ್ಪನ ಆಟೋದಲ್ಲಿ ತಾರಿಹಾಳಕ್ಕೆ ಹೋಗಿ ಶಾಬುದ್ದೀನನ ಶೆಡ್ಡಿನ ಮೂಲೆಯಲ್ಲೇ ಲ್ಯಾಪ್‌ಟಾಪು ತೆರೆದು ಕೆಲಸ ಮಾಡುತ್ತಿದ್ದ. ಸಿಗ್ನಲ್ ಬಂದು ಹೋಗಿ ಮಾಡುವ ಆ ಜಾಗವೇ ಅವನಿಗೀಗ ಬೇಕಿತ್ತು.

ಅತ್ತ ಶ್ಯಾರನ್‌ಳ ಪಾಡೂ ಸುಲಭವಿರಲಿಲ್ಲ. ಕೆಂಪು ಚುಕ್ಕಿಗಳ ಹೊಸ ನಕ್ಷೆ ಕಳಿಸಿದಾಗ ಅವಳ ಮೇಲಧಿಕಾರಿ ಫೋನು ಮಾಡಿ, ಹೋದ ತಿಂಗಳು ಎಲ್ಲ ಹಸಿರೆಂದು ಬರೆದವರು ಯಾರು ಎಂದು ಕೇಳಿದರು. “ನಾನ ರಿ,” ಎಂದಳು. ಹಾಗಾದರೆ ಈಗ ಕೆಂಪೆಂದು ಬರೆದವರು? “ಅದೂ ನಾನ ರಿ. ಅವತ್ತ ಕಾರಿನಾಗ ಕುಂತಿದ್ದೆ, ಇವತ್ತ ಇಳದೇನಿ.” ಮನೆಯಲ್ಲಿ ಈ ಮಾತು ಕೇಳಿಸಿಕೊಂಡ ತಿಮೋತಿ ತಾನಾಗಿಯೇ ಚಹಾಕ್ಕೆ ನೀರಿಟ್ಟ. ಆ ಸಂಜೆ ಅವಳು ಒಮ್ಮೆಯೂ ಬಹುವಚನ ಬಳಸಲಿಲ್ಲ.

ಕೆಲವು ವಾರಗಳ ಮೇಲೆ ಟವರ್ ಹತ್ತುವವರು ಬಂದು ಬೈಪಾಸ್ ಕಡೆಗಿದ್ದ ಒಂದು ಆಂಟೆನಾವನ್ನು ಶೆಡ್ಡುಗಳ ಕಡೆ ತಿರುಗಿಸಿ ಸ್ವಲ್ಪ ಕೆಳಗೆ ಬಗ್ಗಿಸಿದರು. ಕೆಂಪು ಹೋಗಿ ಹೆಚ್ಚಿನ ಕಡೆ ಹಳದಿಯಾಯಿತು. ಪೂರ್ತಿ ಹಸಿರಾಗಲಿಲ್ಲ, ತಗಡು ತಗಡೇ. ಆದರೆ ಅಷ್ಟರಲ್ಲಿ ತಿಮೋತಿಯ ಆ್ಯಪ್ ಹಸಿರಿನ ದಾರಿ ಕಾಯುವುದನ್ನು ಬಿಟ್ಟಿತ್ತು.

ಎರಡನೆಯ ಸಲ ಶುರುಮಾಡಿದ ದಿನ ತಿಮೋತಿ ಉಣಕಲ್ಲಿನಲ್ಲಿ ನಿಲ್ಲದೆ ಶಾಬುದ್ದೀನನ ಪಕ್ಕದಲ್ಲೇ ನಿಂತಿದ್ದ. ಶಾಬುದ್ದೀನ ಬಟನ್ ಒತ್ತಿದ. ರೊಟ್ಟಿ ಇರಲಿಲ್ಲ. ಬಟನ್ ಮಾಯವಾಗಿ ಅದರ ಜಾಗದಲ್ಲಿ ಭಾಗ್ಯಶ್ರೀ ಹೇಳಿ ಬರೆಸಿದ ಮಾತು ಬಂತು: ‘ನಿಮ್ಮ ಊಟ ನೆನಪಿಟ್ಟೇನ್ರಿ. ಲೈನ್ ಸಿಕ್ಕ ಕೂಡ್ಲೆ ಹೇಳ್ತೇನಿ. ನೀವು ಕೆಲಸ ಮಾಡ್ರಿ.’ ಲೈನ್ ಸಿಕ್ಕಾಗ ಫೋನು ತಾನೇ ಉಣಕಲ್ಲಿಗೆ ಹೇಳುತ್ತಿತ್ತು. ಉತ್ತರ ಬಾರದೆ ಹತ್ತು ಸಲ ಹೇಳಿದರೂ ಇದು ಅದೇ ಊಟ, ಬೇರೆಯದಲ್ಲ ಎಂದು ಉಣಕಲ್ಲಿನ ಟ್ಯಾಬಿಗೆ ಈಗ ತಿಳಿಯುತ್ತಿತ್ತು.

ಶಾಬುದ್ದೀನ ಎರಡು ಸಲ ಓದಿದ. “ಇದು ಭಾಗ್ಯಶ್ರೀ ಮಾತಾಡಿದಂಗ ಐತಲ್ಲ,” ಎಂದು ಫೋನನ್ನು ಜೇಬಿಗಿಳಿಸಿ ಲೇಥ್ ಶುರುಮಾಡಿದ. ಮಧ್ಯಾಹ್ನ ಹೊಳೆಯಪ್ಪ ಒಂದೇ ಬುತ್ತಿ ತಂದ. ಶಾಬುದ್ದೀನ ಅದನ್ನು ಕೈಯಲ್ಲಿ ಹಿಡಿದು, ಆಟೋದ ಒಳಗೊಮ್ಮೆ ಇಣುಕಿ, ಮತ್ತೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಅವನ ಮುಖದಲ್ಲಿ ಕಂಡದ್ದು ಸಮಾಧಾನವೋ ನಿರಾಸೆಯೋ ತಿಮೋತಿಗೆ ತಿಳಿಯಲಿಲ್ಲ.

ಆ್ಯಪ್ ಸುಗಮವಾಗಿ ನಡೆಯುತ್ತಿರುವಾಗ ಭಾಗ್ಯಶ್ರೀ ಒಂದು ದಿನ ಇನ್ನೊಂದು ಬಟನ್ ಕೇಳಿದಳು. “ಅವರಿಗೆಲ್ಲಾ ಊಟ ಬೇಕು ಅನ್ನಾಕ ಬಟನ್ ಐತಿ. ನಮಗ ಇವತ್ತ ಒಲಿ ಹಚ್ಚಂಗಿಲ್ಲ ಅನ್ನಾಕ ಒಂದ ಬ್ಯಾಡೇನ್ರಿ?”

ಅತ್ತೆಗೆ ಕೇಳಿಸಲೆಂದೇ ಅವಳು ದನಿ ಎತ್ತಿ ಹೇಳಿದ್ದಳು. ಮುರಿಗೆವ್ವ ಕೇಳಿಸಲಿಲ್ಲವೆಂಬಂತೆ ರೊಟ್ಟಿ ಇನ್ನಷ್ಟು ಜೋರಾಗಿ ಬಡಿದಳು. ತಿಮೋತಿ ಬಟನ್ ಮಾಡಿಕೊಟ್ಟ. ಟ್ಯಾಬಿನ ಮೂಲೆಯಲ್ಲಿ ಅದು ‘ಇವತ್ತ ರಜಾ’ ಎಂದು ಬರೆಸಿಕೊಂಡು ತಿಂಗಳಗಟ್ಟಲೆ ಸುಮ್ಮನಿತ್ತು. ಅದನ್ನು ಒತ್ತುವ ಧೈರ್ಯ ಭಾಗ್ಯಶ್ರೀಗೂ ಬರಲಿಲ್ಲ.

ಒತ್ತಿದವಳು ಮುರಿಗೆವ್ವನೇ. ಶ್ಯಾರನ್ ಎಷ್ಟೋ ಸಲ ಊಟಕ್ಕೆ ಕರೆದಿದ್ದಳು. ಒಂದು ಮಂಗಳವಾರ ಬೆಳಿಗ್ಗೆ ಮುರಿಗೆವ್ವ ಕನ್ನಡಕ ಏರಿಸಿ, ಟ್ಯಾಬಿನ ಮುಂದೆ ನಿಂತು, ಹಂಚಿನ ಕಾವು ನೋಡುವವಳಂತೆ ಬೆರಳು ಚಾಚಿ ಥಟ್ಟನೆ ಮುಟ್ಟಿ ಹಿಂದೆಗೆದಳು. “ನಡಿಯವ್ವಾ,” ಎಂದಳು ಸೊಸೆಗೆ, “ನವನಗರಕ್ಕ ಹೋಗಿ ಬರೋಣು. ಮಂದಿ ಕೈಲೆ ಉಂಡ ಬಾಳ ದಿನಾ ಆತು.”

ಶ್ಯಾರನ್ ಚಪಾತಿ, ಹೆಸರುಕಾಳಿನ ಪಲ್ಯ, ಹುಗ್ಗಿ ಮಾಡಿದ್ದಳು. ತಿಮೋತಿ ಸೌತೆಕಾಯಿ ಹೆಚ್ಚಿದ್ದ. ಬಂದವರಿಗೆಲ್ಲ ಅದನ್ನೇ ಮೊದಲು ತೋರಿಸಿದ. ಮುರಿಗೆವ್ವ ಒಂದು ಚಪಾತಿ ಉಂಡು, ಇನ್ನೊಂದನ್ನು ಕೇಳಿ ಹಾಕಿಸಿಕೊಂಡು, ನ್ಯಾಯ ಹೇಳುವವಳಂತೆ ತಲೆಯಾಡಿಸಿದಳು. ಭಾಗ್ಯಶ್ರೀ ಹುಗ್ಗಿಯನ್ನು ಎರಡನೆಯ ಸಲ ಹಾಕಿಸಿಕೊಂಡಳು. ಊಟವಾದ ಮೇಲೆ ಸ್ವಲ್ಪ ಕೂಡುತ್ತೇನೆಂದು ಸೋಫಾದ ಮೇಲೆ ಒರಗಿದವಳು, ಫ್ಯಾನಿನ ಗಾಳಿಗೆ, ಮಾತಿನ ನಡುವೆಯೇ ನಿದ್ದೆಹೋದಳು.

ತಿಮೋತಿ ಏನೋ ಹೇಳಲು ಬಾಯಿ ತೆರೆದ. ಮುರಿಗೆವ್ವ ತುಟಿಯ ಮೇಲೆ ಬೆರಳಿಟ್ಟಳು. “ಮದವ್ಯಾಗಿ ಬಂದಾಗಿಂದ ಇಕಿ ಹಗಲಿನಾಗ ಮಲಗಿದ್ದ ನಾ ನೋಡಿಲ್ಲ,” ಎಂದು ಪಿಸುಗುಟ್ಟಿದಳು. “ಮಲಗಲಿ ಬಿಡು.”

ಗಂಡ ಹೆಂಡತಿ ಇಬ್ಬರೂ ತಾಟುಗಳನ್ನು ಸದ್ದಾಗದಂತೆ ಒಂದೊಂದಾಗಿ ಎತ್ತಿಕೊಂಡು ಒಳಗೆ ಹೋದರು. ನಳವನ್ನು ಸಣ್ಣಗೆ ಬಿಟ್ಟು, ಯಾರು ತೊಳೆಯಬೇಕು, ಯಾರು ಒರೆಸಬೇಕು ಎಂದು ಪಿಸುಮಾತಿನಲ್ಲೇ ಜಗಳ ಶುರುಮಾಡಿದರು.